‘ಹೇಳಮ್ಮ’ ಅಂದಿದ್ದೇ ಬಾಗಿಲು ಮುಚ್ಚಿತ್ತು: ಸೋಮವಾರಪೇಟೆ ಕಡೆಯ ಒಂದು ಪ್ರಕರಣ

ಈ ಪ್ರಕರಣ ಬರೆಯಲು ಒಪ್ಪಿದವನು ಒಂದೇ ಷರತ್ತು ಹಾಕಿದ. “ನನ್ನ ಹೆಸರು ಬೇಡ, ಊರಿನ ಹೆಸರು ಬೇಡ. ಆದ್ರೆ ‘ಅವನು’ ಅಂತಲೇ ಬರೀರಿ ಮೇಡಂ. ಮೊದಲ ಸಾಲಿಂದಲೇ.” ಹಾಗೇ ಬರೆಯುತ್ತಿದ್ದೇನೆ. ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರೂ ತಾನು ಹುಡುಗ ಅಂತ ಬಲ್ಲ ಟ್ರಾನ್ಸ್ ಯುವಕ ಅವನು. ಮೊದಲು ನನಗೂ ಅದು ಗೊತ್ತಿರಲಿಲ್ಲ. ಯಾರಿಗೂ ಗುರುತು ಸಿಗಬಾರದು ಅಂತ ಮನೆಯ ಕೆಲವು ವಿವರ ಬದಲಿಸಿದ್ದೇನೆ. ನಡೆದ ಕ್ರಮ ಬದಲಿಸಿಲ್ಲ. ನಾನು ಮಾಡಿದ ತಪ್ಪನ್ನೂ ಬದಲಿಸಿಲ್ಲ.

ನಾನು ಕುಶಾಲನಗರದಲ್ಲಿ ಆಪ್ತ ಸಮಾಲೋಚಕಿ. ಡಾಕ್ಟರ್ ಅಲ್ಲ, ಮಾತ್ರೆ ಬರೆಯುವುದಿಲ್ಲ. ಬಂದವರ ಮಾತು ಕೇಳುವುದು, ಅಪಾಯ ಎಷ್ಟಿದೆ ಅಂತ ನೋಡುವುದು, ಬೇಕಾದವರನ್ನು ಡಾಕ್ಟರ ಹತ್ತಿರ ಕಳಿಸುವುದು, ಮನೆಯವರ ಜೊತೆ ಮಾತಾಡುವುದು ನನ್ನ ಕೆಲಸ.

ಮೊದಲ ಎರಡು ಭೇಟಿ

2023ರ ಜುಲೈ. ಮಳೆ ಜೋರಾಗಿ ಹಿಡಿದಿತ್ತು. ಸೋಮವಾರಪೇಟೆ ತಾಲೂಕಿನ ಒಂದು ಹಳ್ಳಿಯಿಂದ ಅವ್ವ, ಅವರ ಜೊತೆ 21 ವರ್ಷದ ಈ ಹುಡುಗ ಬಂದರು. ಮೂರು ಎಕರೆ ಅರೇಬಿಕಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಒಂದು ಹಸು. ಅಪ್ಪ ತೋಟ ನೋಡಿಕೊಳ್ಳುತ್ತಾರೆ. ತಂಗಿ ಪಿಯುಸಿ. ಇವನು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಮುಗಿಸಿ ಮೇ ತಿಂಗಳಲ್ಲಿ ಊರಿಗೆ ಬಂದಿದ್ದ.

ಅವ್ವನೇ ಎಲ್ಲಾ ಹೇಳಿದರು. “ಊಟ ಸರಿ ಮಾಡೋದಿಲ್ಲ ಮೇಡಂ ಇವ್ಳು. ರಾತ್ರಿ ಎಲ್ಲಾ ಎಚ್ಚರ, ಹಗಲೆಲ್ಲಾ ರೂಮಿನ ಬಾಗಿಲು ಹಾಕ್ಕೊಂಡು ಮಲಗಿರ್ತಾಳೆ. ಕೂದಲು ನೋಡಿ, ಮೈಸೂರಲ್ಲಿ ಕತ್ತರಿಸ್ಕೊಂಡು ಬಂದಿದ್ದಾಳೆ. ಹಾಸನದ ಕಡೆಯಿಂದ ಒಳ್ಳೆ ಸಂಬಂಧ ಬಂದಿದೆ. ನೋಡೋಕೆ ಬಂದ ದಿನ ಹೊರಗೇ ಬರ್ಲಿಲ್ಲ.” ಅವನು ಕಿಟಕಿ ಕಡೆ ನೋಡುತ್ತಾ ಕೂತಿದ್ದ. ದೊಗಲೆ ಜಾಕೆಟ್ ಹಾಕಿದ್ದ. ಮಳೆಗಾಲದ ಕೊಡಗಿನಲ್ಲಿ ಜಾಕೆಟ್ ನೋಡಿ ಯಾರಿಗೂ ಏನೂ ಅನ್ನಿಸುವುದಿಲ್ಲ. ನನಗೂ ಅನ್ನಿಸಲಿಲ್ಲ.

ನಾನು ಅವನ ಕಡೆ ತಿರುಗಿ ಹೇಳಿದೆ: “ನೀನು ಹೇಳಮ್ಮ. ಏನಾಗ್ತಿದೆ?”

“ಏನಿಲ್ಲ.”

ಖಿನ್ನತೆ ಅಳೆಯಲು ನಾವು ಬಳಸುವ ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಯ ಪಟ್ಟಿ ಇದೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಅಂಕ ಹೆಚ್ಚಿದಷ್ಟೂ ಖಿನ್ನತೆ ಜಾಸ್ತಿ. ಒಂಬತ್ತನೆಯದು ಸಾವಿನ ಯೋಚನೆಯ ಬಗ್ಗೆ. ನಾನು ಅದನ್ನು ಅವ್ವನ ಎದುರಿಗೇ ಓದಿ ಓದಿ ತುಂಬಿಸಿದೆ. ಒಂಬತ್ತನೆಯದಕ್ಕೆ ಅವನು ‘ಇಲ್ಲ’ ಅಂದ. ಒಟ್ಟು 16 ಬಂತು. ಖಿನ್ನತೆ ಇದೆ, ಮದುವೆಯ ಒತ್ತಡ ಇದೆ ಅಂತ ಫೈಲಿನಲ್ಲಿ ಬರೆದೆ. ಎರಡನೇ ಭೇಟಿಯಲ್ಲೂ ಅಷ್ಟೇ. “ನಿದ್ದೆ ಹೇಗಿದೆಯಮ್ಮ?”, “ಮದುವೆ ಬೇಡ ಅಂದ್ರೆ ಹೇಳ್ಬಹುದಮ್ಮ.” ನನ್ನ ಮಟ್ಟಿಗೆ ಅದು ಪ್ರೀತಿಯ ಮಾತು. ನಮ್ಮ ಕಡೆ ಚಿಕ್ಕ ಹೆಣ್ಣುಮಕ್ಕಳನ್ನು ‘ಅಮ್ಮ’ ಅಂತ ಸೇರಿಸಿ ಮಾತಾಡಿಸುವುದೇ ಅಕ್ಕರೆ, ಅಲ್ವಾ? ಆ ಅಕ್ಕರೆಯೇ ಅವನ ಬಾಯಿ ಮುಚ್ಚಿಸುತ್ತಿತ್ತು. ಆಮೇಲೆ ತುಂಬಾ ದಿನ ಕಳೆದು ಅವನೇ ಹೇಳಿದ: “ನೀವು ‘ಅಮ್ಮ’ ಅಂದಾಗೆಲ್ಲಾ, ಇವರಿಗೂ ಹೇಳಿ ಪ್ರಯೋಜನ ಇಲ್ಲ ಅಂತ ಅನ್ನಿಸ್ತಿತ್ತು.”

ಎರಡೂ ಸಲ ಅವನನ್ನು ಒಬ್ಬನನ್ನೇ ಕೂರಿಸಿ ಮಾತಾಡಿಸಲಿಲ್ಲ. ವಾಪಸ್ ಹೋಗುವ ಬಸ್ಸು ತಪ್ಪುತ್ತದೆ ಅಂತ ಅವ್ವ ಅವಸರ ಮಾಡಿದರು, ನಾನೂ ಒಪ್ಪಿಕೊಂಡೆ. ಒಪ್ಪಬಾರದಿತ್ತು.

ಮೂರನೇ ಭೇಟಿ

ಆಗಸ್ಟ್ ಎರಡನೇ ವಾರ ಅವನು ಒಬ್ಬನೇ ಬಂದ. ಕುಶಾಲನಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಅತ್ತೆ, ಅಂದರೆ ಅಪ್ಪನ ತಂಗಿ, ಬಾಗಿಲವರೆಗೂ ಬಿಟ್ಟು ಹೋಗಿದ್ದರು. ಅಂದು ನನಗೆ ಏನನ್ನಿಸಿತೋ, ‘ಅಮ್ಮ’ ಅನ್ನಲಿಲ್ಲ. “ಇಲ್ಲಿ ನಿನ್ನನ್ನ ಏನಂತ ಕರೀಲಿ?” ಅಂತ ಕೇಳಿದೆ. ಅವನು ಒಂದು ಹೆಸರು ಹೇಳಿದ. ಗಂಡು ಹೆಸರು. ಹೇಳಿ ನನ್ನ ಮುಖವನ್ನೇ ನೋಡಿದ. ನಾನು ಆ ಹೆಸರಿಟ್ಟು, “ಸರಿ, ಹೇಳೋ” ಅಂದೆ.

ಅರ್ಧ ಗಂಟೆ ಅತ್ತ.

ಆಮೇಲೆ ಹೇಳಿದ. ಐದಾರು ವರ್ಷದಲ್ಲೇ ತಾನು ಹುಡುಗ ಅಂತ ಗೊತ್ತಿತ್ತು. ಆಗ ಅದು ತೊಂದರೆಯಾಗಿರಲಿಲ್ಲ. ಚಡ್ಡಿ ಹಾಕಿಕೊಂಡು ತೋಟದಲ್ಲಿ ಅಪ್ಪನ ಹಿಂದೆ ಓಡಾಡುತ್ತಿದ್ದ. ಎಲ್ಲರೂ “ಗಂಡುಬೀರಿ” ಅಂತ ನಗುತ್ತಿದ್ದರು. ಹದಿಮೂರಕ್ಕೆ ದೊಡ್ಡವಳಾದಳು ಅಂತ ಮನೆಯಲ್ಲಿ ಆರತಿ ಮಾಡಿದರು. ಅಲ್ಲಿಂದ ಬದುಕು ಕೆಟ್ಟಿತು. ತಿಂಗಳ ಆ ದಿನಗಳಲ್ಲಿ ಶಾಲೆಗೆ ಹೋಗುತ್ತಿರಲಿಲ್ಲ. ತನ್ನ ಮೈಯೇ ತನಗೆ ಮೋಸ ಮಾಡುತ್ತಿದೆ ಅನ್ನಿಸುತ್ತಿತ್ತು. ಮನೆಯವರಿಗೆ ‘ಹೊಟ್ಟೆನೋವು’ ಅನ್ನುತ್ತಿದ್ದ. ಮೂರು ವರ್ಷ ಹೊಟ್ಟೆನೋವಿಗೆ ಔಷಧಿ ಕೊಡಿಸಿದರು, ಸ್ಕ್ಯಾನಿಂಗ್ ಮಾಡಿಸಿದರು, ಹರಕೆ ಹೊತ್ತರು.

ಜಾಕೆಟ್ಟಿನ ಒಳಗೆ ಎದೆಗೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಪಕ್ಕೆಲುಬು ನೋಯುತ್ತಿತ್ತು, ಉಸಿರು ಕಟ್ಟುತ್ತಿತ್ತು. ಇಂಥವರನ್ನು ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ: ಆ ಬ್ಯಾಂಡೇಜ್ ಅದಕ್ಕೆ ಮಾಡಿದ್ದಲ್ಲ, ಉಸಿರಾಡಿದಷ್ಟೂ ಬಿಗಿಯುತ್ತದೆ. ಅದಕ್ಕೆಂದೇ ಹೊಲಿದ ಬೈಂಡರ್ ಇರುತ್ತದೆ. ಅದನ್ನೂ ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಹಾಕಬಾರದು, ಹಾಕಿಕೊಂಡು ಮಲಗಬಾರದು.

ಮೈಸೂರಿನ ಮೂರು ವರ್ಷ ಅವನ ಪಾಲಿಗೆ ಒಳ್ಳೆಯ ಕಾಲ. ಇಬ್ಬರು ಸ್ನೇಹಿತರು ಅವನನ್ನು ಅವನ ಹೆಸರಿನಲ್ಲೇ ಕರೆಯುತ್ತಿದ್ದರು. “ಬಾರೋ ಟೀ ಕುಡಿಯೋಣ” ಅನ್ನುತ್ತಿದ್ದರು. ಊರಿಗೆ ಬಂದ ಮೇಲೆ ಅದು ನಿಂತಿತು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಒಂದೆರಡು ಕಡ್ಡಿ ಬರುತ್ತದೆ. ಮಳೆ ಹಿಡಿದ ಮೇಲೆ ಕರೆಂಟೂ ಇಲ್ಲ. ದಿನವಿಡೀ ಕಿವಿಗೆ ಬೀಳುವುದು “ಎದ್ಳಾ?”, “ತಿಂದ್ಳಾ?”, “ಬಾರೇ ಇಲ್ಲಿ”.

ಕನ್ನಡ ಮಾತಾಡುವವರಾಗಿ ಇದನ್ನು ನಾವು ಸ್ವಲ್ಪ ಯೋಚಿಸಬೇಕು. ನಮ್ಮ ಭಾಷೆಯಲ್ಲಿ ಒಬ್ಬರ ಬಗ್ಗೆ ಏಕವಚನದಲ್ಲಿ ಮಾತಾಡುವಾಗ ಹೆಚ್ಚಾಗಿ ಕ್ರಿಯಾಪದದ ತುದಿಯಲ್ಲಿ ಗಂಡೋ ಹೆಣ್ಣೋ ಬರುತ್ತದೆ. ಬಂದ, ಬಂದಳು. ಕರೆಯುವಾಗಲೂ ಬಾರೋ, ಬಾರೇ. ಹಂಗಿಸಬೇಕು ಅಂತ ಯಾರೂ ಹೇಳುವುದಲ್ಲ. ಸುಮ್ನೆ ಆಡುವ ಮಾತು. ಆದರೆ ದಿನಕ್ಕೆ ನೂರು ಸಲ ಅದು ಅವನಿಗೆ “ನೀನು ನೀನಲ್ಲ” ಅಂತ ಹೇಳುತ್ತಿತ್ತು.

ನಾನು ನೇರವಾಗಿ ಕೇಳಿದೆ: “ಸಾಯಬೇಕು ಅಂತ ಅನ್ನಿಸ್ತಿದೆಯಾ?”

“ಹೂಂ.”

“ಹೇಗೆ, ಯಾವಾಗ ಅಂತ ಯೋಚನೆ ಮಾಡಿದ್ದೀಯಾ?”

ಮಾಡಿದ್ದ. ಆ ವಿವರ ಇಲ್ಲಿ ಬರೆಯುವುದಿಲ್ಲ. ಯಾರಿಗೂ ಅದರಿಂದ ಉಪಯೋಗ ಇಲ್ಲ. ಅದೇ ಪಟ್ಟಿಯನ್ನು ಅವನ ಕೈಗೇ ಕೊಟ್ಟು ತುಂಬಲು ಹೇಳಿದೆ. ಈ ಸಲ 23. ಒಂಬತ್ತನೆಯದಕ್ಕೆ ಮೂರು. ಅವನು ತಿಂಗಳ ಹಿಂದೆಯೂ ಹೀಗೇ ಇದ್ದ. ನಾನು ಕೇಳಿದ ರೀತಿ ಬೇರೆ ಇತ್ತು, ಅಷ್ಟೇ.

ಸಾವಿನ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಒಳಗಿದ್ದದ್ದು ಹೊರಗೆ ಬರುತ್ತದೆ. ಒಬ್ಬರಿಗಾದರೂ ಗೊತ್ತಾಯಿತಲ್ಲ ಅಂತ ಉಸಿರು ಬಿಡುತ್ತಾರೆ. ಅವನೂ ಬಿಟ್ಟ.

ಇದನ್ನು ಏನಂತ ತಿಳಿಯಬೇಕು

ಹುಟ್ಟಿದಾಗ ಬರೆಸಿದ ಲಿಂಗಕ್ಕೂ ಮನಸ್ಸಿಗೆ ತಿಳಿದಿರುವ ಲಿಂಗಕ್ಕೂ ಹೊಂದದೆ ಇರುವಾಗ ಆಗುವ ಸಂಕಟಕ್ಕೆ ಜೆಂಡರ್ ಡಿಸ್ಫೋರಿಯಾ ಅನ್ನುತ್ತಾರೆ. ಆ ಸಂಕಟವನ್ನು ರೋಗ ಪಟ್ಟಿಯಲ್ಲಿ ಹೇಗೆ ಬರೆಯಬೇಕು ಅನ್ನುವುದೇ ಬದಲಾಗಿದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ‘ಗುರುತಿನ ಕಾಯಿಲೆ’ ಅನ್ನುವ ಹಳೆಯ ಹೆಸರು ತೆಗೆದು, ಸಂಕಟವನ್ನು ಮಾತ್ರ ಗುರುತಿಸುವ ಈ ಹೆಸರು ಇಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ಇದು ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲೇ ಇಲ್ಲ. ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹೋಗಿದೆ. ಅಂದರೆ ಅವನು ಹುಡುಗ ಅನ್ನುವುದು ಕಾಯಿಲೆ ಅಲ್ಲ. ಅವನ ಖಿನ್ನತೆ ಕಾಯಿಲೆ. ಎರಡನ್ನೂ ಕಲಸಿಬಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಅವನ ವಿಷಯದಲ್ಲಿ ಒಮ್ಮೆ ದಾರಿ ತಪ್ಪಿಯೂ ಇತ್ತು. ಹದಿನೇಳರಲ್ಲಿ ಒಬ್ಬ ಡಾಕ್ಟರ ಹತ್ತಿರ ಅರ್ಧಂಬರ್ಧ ಹೇಳಿಕೊಂಡಿದ್ದ. ಅವರು “ಮದುವೆ ಆದ್ರೆ ಸರಿಹೋಗ್ತದೆ” ಅಂದು ಹೆಣ್ಣುತನ ತರಿಸುತ್ತೇನೆ ಅಂತ ಏನೋ ಮಾತ್ರೆ ಕೊಟ್ಟಿದ್ದರು. ಹೀಗೆ ‘ಬದಲಾಯಿಸುವ ಚಿಕಿತ್ಸೆ’ ಮಾಡಬಾರದು ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ದುರ್ನಡತೆ ಅಂತಲೇ ಘೋಷಿಸಿತು. ಆ ಡಾಕ್ಟರಿಗೆ ಕೇಡು ಮಾಡುವ ಉದ್ದೇಶ ಇತ್ತು ಅಂತ ನಾನು ಹೇಳುವುದಿಲ್ಲ. ಆದರೆ ಆಮೇಲೆ ನಾಲ್ಕು ವರ್ಷ ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಅಪಾಯ ಎಷ್ಟು ದೊಡ್ಡದು? ಡೆನ್ಮಾರ್ಕಿನಲ್ಲಿ ದೇಶದ ಎಲ್ಲರ ದಾಖಲೆ ಇಟ್ಟುಕೊಂಡು 1980ರಿಂದ 2021ರವರೆಗೆ ನೋಡಿದ ಅಧ್ಯಯನ 2023ರಲ್ಲಿ ಬಂತು. ಉಳಿದವರಿಗೆ ಹೋಲಿಸಿದರೆ ಟ್ರಾನ್ಸ್ ಜನರಲ್ಲಿ ಆತ್ಮಹತ್ಯೆ ಪ್ರಯತ್ನದ ದರ 7.7 ಪಟ್ಟು, ಆತ್ಮಹತ್ಯೆಯಿಂದ ಸಾವಿನ ದರ 3.5 ಪಟ್ಟು. ಅಷ್ಟು ಸೌಲಭ್ಯ ಇರುವ ದೇಶದಲ್ಲೇ ಹೀಗೆ. ನಮ್ಮಲ್ಲಿ? ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ 2021ರಲ್ಲಿ ದೇಶದಲ್ಲಿ 1,64,033 ಆತ್ಮಹತ್ಯೆ ಅಂತ ಲೆಕ್ಕ ಕೊಟ್ಟಿದೆ. ಅದರಲ್ಲಿ ಟ್ರಾನ್ಸ್‌ಜೆಂಡರ್ ಕಾಲಂನಲ್ಲಿರುವುದು 28. ಇಡೀ ಭಾರತಕ್ಕೆ 28! ನಾನು ಈ ಸಂಖ್ಯೆಯನ್ನು ನಂಬುವುದಿಲ್ಲ. ಈ ಹುಡುಗನಿಗೆ ಆ ಮಳೆಗಾಲದಲ್ಲಿ ಏನಾದರೂ ಆಗಿದ್ದರೆ ಅವನು ಯಾವ ಕಾಲಂಗೆ ಹೋಗುತ್ತಿದ್ದ? ‘ಹೆಣ್ಣು, 21 ವರ್ಷ’. ಕಾರಣ? ಪೇಪರಿನಲ್ಲಿ ನಾವು ಓದುತ್ತೇವಲ್ಲ, “ಹೊಟ್ಟೆನೋವು ತಾಳಲಾರದೆ”. ಅವನ ಮಟ್ಟಿಗೆ ಆಸ್ಪತ್ರೆ ಚೀಟಿಗಳೂ ಅದನ್ನೇ ಹೇಳುತ್ತಿದ್ದವು.

ಇದರಿಂದ ಡಿಸ್ಫೋರಿಯಾ ಇರುವವರೆಲ್ಲಾ ಸಾಯುವ ಯೋಚನೆಯಲ್ಲಿರುತ್ತಾರೆ ಅಂತ ಅಂದುಕೊಳ್ಳಬೇಡಿ. ಮೈಸೂರಿನಲ್ಲಿದ್ದಾಗ ಇವನಿಗೆ ಮೈಯ ಸಂಕಟ ಇತ್ತು, ಸಾಯುವ ಯೋಚನೆ ಇರಲಿಲ್ಲ. ಮೈ ಅದೇ, ಮನಸ್ಸು ಅದೇ. ಬದಲಾದದ್ದು ಸುತ್ತಲಿನವರು. ಅಮೆರಿಕದ ಮೂರು ನಗರಗಳ 129 ಟ್ರಾನ್ಸ್ ಯುವಕ ಯುವತಿಯರ ಮೇಲೆ ಮಾಡಿದ ಒಂದು ಅಧ್ಯಯನ 2018ರಲ್ಲಿ ಬಂದಿದೆ. ಮನೆ, ಶಾಲೆ, ಕೆಲಸದ ಜಾಗ, ಸ್ನೇಹಿತರು, ಇವುಗಳಲ್ಲಿ ಎಷ್ಟು ಕಡೆ ಅವರನ್ನು ಅವರು ಆರಿಸಿಕೊಂಡ ಹೆಸರಿನಲ್ಲಿ ಕರೆಯುತ್ತಾರೆ ಅಂತ ಕೇಳಿದರು. ಅಂಥ ಜಾಗ ಒಂದು ಹೆಚ್ಚಾದರೆ ಆತ್ಮಹತ್ಯೆಯ ಯೋಚನೆ ಶೇ 29ರಷ್ಟು, ಪ್ರಯತ್ನದಂಥ ನಡವಳಿಕೆ ಶೇ 56ರಷ್ಟು ಕಡಿಮೆ ಇತ್ತು. ಚಿಕ್ಕ ಅಧ್ಯಯನ, ದೂರದ ದೇಶದ್ದು. ಆದರೆ ನನ್ನ ಎದುರು ಕೂತಿದ್ದವನು ಹೇಳುತ್ತಿದ್ದದ್ದೂ ಅದೇ.

ಆ ದಿನ ಮಾಡಿದ್ದು

ಒಬ್ಬನೇ ಮನೆಗೆ ಕಳಿಸುವ ಹಾಗಿರಲಿಲ್ಲ. ಇಲ್ಲೊಂದು ಇಕ್ಕಟ್ಟು ಇತ್ತು. ಜೀವಕ್ಕೆ ಅಪಾಯ ಇದೆ ಅಂತ ಮನೆಯವರಿಗೆ ಹೇಳಲೇಬೇಕು. ಆದರೆ ಅವನು ಹುಡುಗ ಅನ್ನುವ ವಿಷಯ ಅವನದ್ದು. ಅದನ್ನು ಯಾರಿಗೆ, ಯಾವಾಗ ಹೇಳಬೇಕು ಅನ್ನುವುದು ಅವನಿಗೆ ಬಿಟ್ಟದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಅಪಾಯ ತಪ್ಪಿಸಲು ಬೇಕಾದಷ್ಟು ಮಾತ್ರ ಹೇಳಲು ಅವಕಾಶ ಇಡುತ್ತದೆ. ಬೇಕಾದಷ್ಟು ಅಂದರೆ ಎಷ್ಟು ಅಂತ ಅವನ ಜೊತೆಗೇ ಕೂತು ತೀರ್ಮಾನಿಸಿದೆವು. “ಅತ್ತೆಗೆ ಎಲ್ಲಾ ಹೇಳ್ತೀನಿ. ಅಪ್ಪ ಅವ್ವನಿಗೆ ಹುಷಾರಿಲ್ಲ ಅಂತ ಮಾತ್ರ ಹೇಳಿ” ಅಂದ.

ಅತ್ತೆಯನ್ನು ಕರೆಸಿದೆ. ಅವನೇ ಹೇಳಿದ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ನೀನು ಹತ್ತನೇ ಕ್ಲಾಸಲ್ಲಿ ಚೂಡಿದಾರ್ ಬೇಡ, ಶರ್ಟ್ ಹೊಲ್ಕೊಡಿ ಅಂತ ಬಟ್ಟೆ ತಂದಿದ್ದೆ. ಗುಂಡಿ ಬಲಗಡೆಗೆ ಇಡಿ ಅಂದಿದ್ದೆ. ಆವತ್ತೇ ಕೇಳ್ಬೇಕಿತ್ತು ನಾನು.”

ಮರುದಿನ ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಅವರು ಖಿನ್ನತೆಗೆ ಮಾತ್ರೆ ಶುರು ಮಾಡಿದರು. ಕೆಲಸ ಮಾಡಲು ಕೆಲವು ವಾರ ಬೇಕು, 25ರೊಳಗಿನವರಲ್ಲಿ ಮೊದಲ ವಾರಗಳಲ್ಲಿ ಇನ್ನೂ ಹತ್ತಿರದಿಂದ ನೋಡಿಕೊಳ್ಳಬೇಕು ಅಂತ ಅತ್ತೆಗೆ ಬಿಡಿಸಿ ಹೇಳಿದರು. ಆ ವಾರಗಳು ಅವನು ಅತ್ತೆಯ ಮನೆಯಲ್ಲೇ ಇದ್ದ. ಮಾತ್ರೆ ಅತ್ತೆಯ ಹತ್ತಿರ. ಒಂದು ವಾರಕ್ಕಾಗುವಷ್ಟು ಮಾತ್ರ ಮನೆಯಲ್ಲಿ.

ಊರಿನ ಮನೆಗೆ ಹೋದಾಗಿನ ವಿಷಯಕ್ಕೂ ತಯಾರಿ ಬೇಕಿತ್ತು. ತೋಟದ ಮನೆಗಳಲ್ಲಿ ಅಪಾಯದ ವಸ್ತು ಕೈಗೆ ಸಿಗುವ ಹಾಗೇ ಇರುತ್ತವೆ. ಅಪ್ಪನಿಗೆ ಫೋನ್ ಮಾಡಿ ತೋಟದ ಔಷಧಿ ಎಲ್ಲಾ ಬೇರೆ ಕೋಣೆಗೆ ಹಾಕಿ ಬೀಗ ಹಾಕಿಸಿದೆ, ಬೀಗದ ಕೈ ಅವರ ಸೊಂಟದಲ್ಲೇ. ಕೋವಿ ಇರುವ ಮನೆಯಾದರೆ ಅದನ್ನೂ ಕೆಲವು ಕಾಲ ಮನೆಯಿಂದ ಹೊರಗೆ ಇಡಿಸಬೇಕು. ಸಾಯಬೇಕು ಅನ್ನಿಸುವ ತೀವ್ರ ಗಳಿಗೆ ಬಹಳ ಸಲ ಬೇಗ ಇಳಿಯುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಅಪ್ಪ ಕಾರಣ ಕೇಳಲಿಲ್ಲ. ಸಂಜೆಯೊಳಗೆ ಮಾಡಿ ಮುಗಿಸಿದರು.

ಆಮೇಲೆ ನಾವಿಬ್ಬರೂ ಕೂತು ಸುರಕ್ಷತಾ ಯೋಜನೆ ಬರೆದೆವು. ಸಾಮಾನ್ಯವಾಗಿ ಇದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ ಅನ್ನುತ್ತೇವೆ. ಕರೆಂಟಿಲ್ಲದ, ನೆಟ್‌ವರ್ಕ್ ಇಲ್ಲದ ಮನೆಗೆ ಅದು ಆಗುವುದಿಲ್ಲ. ಕಾಗದದಲ್ಲಿ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕಿ ಪರ್ಸಿನಲ್ಲಿ ಇಟ್ಟ. ಅವನದೇ ಅಕ್ಷರ, ಅವನದೇ ಮಾತು. ಯಾವಾಗ ಅಪಾಯ ಹತ್ತಿರ ಬರುತ್ತಿದೆ ಅಂತ ಗೊತ್ತಾಗುತ್ತದೆ: ತಿಂಗಳ ಆ ದಿನಗಳು, ಸಂಬಂಧ ನೋಡಲು ಯಾರಾದರೂ ಬರುವ ಹಿಂದಿನ ರಾತ್ರಿ, ಎರಡು ದಿನ ನಿದ್ದೆ ಇಲ್ಲದಿದ್ದರೆ. ಆಗ ಏನು ಮಾಡುವುದು: ರೂಮಿನ ಬಾಗಿಲು ತೆಗೆಯುವುದು, ಹಸುವಿನ ಹತ್ತಿರ ಹೋಗಿ ಕೂರುವುದು, ತಂಗಿಯನ್ನು ಎಬ್ಬಿಸುವುದು. ಅದೂ ಸಾಲದಿದ್ದರೆ ಕಣದ ಮೂಲೆಗೆ ಹೋಗಿ ಫೋನ್ ಮಾಡುವುದು. ಅತ್ತೆಯ ನಂಬರು, ಮೈಸೂರಿನ ಸ್ನೇಹಿತನ ನಂಬರು, ನನ್ನ ನಂಬರು, ಟೆಲಿ ಮಾನಸ್ 14416. ಈ ಕೊನೆಯದು 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಓದುತ್ತಿರುವ ನಿಮಗೂ ಬೇಕಾಗಬಹುದು, ಬರೆದಿಟ್ಟುಕೊಳ್ಳಿ.

ಮನೆಯವರು

ಅಕ್ಟೋಬರಿನಲ್ಲಿ, ಕಾವೇರಿ ಸಂಕ್ರಮಣ ಕಳೆದ ಮೇಲೆ, ಅವನೇ “ಈಗ ಹೇಳ್ಬಹುದು” ಅಂದ. ಅಪ್ಪ, ಅವ್ವ, ಅತ್ತೆ, ಅವನು, ನಾನು. ನನ್ನ ಪುಟ್ಟ ಕೋಣೆಯಲ್ಲಿ ಕುರ್ಚಿ ಸಾಲದೆ ಅತ್ತೆ ಬೆಂಚಿನ ತುದಿಯಲ್ಲಿ ಕೂತರು. ಅವನು ಹೇಳಿ ಮುಗಿಸುವವರೆಗೆ ಯಾರೂ ಮಧ್ಯೆ ಮಾತಾಡಲಿಲ್ಲ.

ಅವ್ವ ಅತ್ತರು. “ನಾನು ಬಸುರಿಯಾಗಿದ್ದಾಗ ಏನಾದ್ರೂ ತಪ್ಪು ಮಾಡಿದ್ನಾ?” ಅಂತ ಕೇಳಿದರು. ಇಲ್ಲ ಅಂತ ಹೇಳಿದೆ. ಯಾರ ತಪ್ಪಿನಿಂದಲೂ ಇದು ಆಗುವುದಿಲ್ಲ, ಮೈಸೂರಿನಲ್ಲಿ ಕಲಿತು ಬಂದದ್ದೂ ಅಲ್ಲ. “ಇವ್ಳ ತಂಗಿ ಮದ್ವೆ ಹೇಗೆ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದೆ ಅಂತ ನಟಿಸಲೂ ಇಲ್ಲ. ಆ ಭಯ ನಿಜವಾದದ್ದು. ಚಿಕ್ಕ ಊರು, ಯಾರ ಮನೆಯಲ್ಲಿ ಏನು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದರು. “ಮೇಡಂ, ಹೆಸರು ಬದಲಾದ್ರೆ ಪಹಣಿಗೆ ಸೇರಿಸೋಕೆ ತೊಂದರೆ ಆಗ್ತದಾ?”

ಮೊದಲು ನನಗೆ ಬೇಜಾರಾಯಿತು. ಮಗ ಇಷ್ಟು ಹೇಳಿದ ಮೇಲೆ ಇವರಿಗೆ ಪಹಣಿಯ ಚಿಂತೆಯಾ ಅಂತ. ಆಮೇಲೆ ಅತ್ತೆಯ ಮುಖ ನೋಡಿದೆ, ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಗ ಹೊಳೆಯಿತು. ತೋಟ ಇವನ ಹೆಸರಿಗೆ ಬರೆಯುವ ಯೋಚನೆ ಅವರು ಬಿಟ್ಟಿರಲಿಲ್ಲ. ಮಗು ಇರುತ್ತದೆ, ತೋಟ ನೋಡುತ್ತದೆ ಅನ್ನುವ ಲೆಕ್ಕದಲ್ಲೇ ಅವರು ಮಾತಾಡಿದ್ದು.

ನನಗೆ ಗೊತ್ತಿದ್ದಷ್ಟು ಹೇಳಿದೆ. 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಾನು ಗಂಡೋ ಹೆಣ್ಣೋ ತೃತೀಯ ಲಿಂಗವೋ ಅಂತ ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದ್ದೇ ಅಂದಿತು. ಆಮೇಲೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಬಗ್ಗೆ 2019ರ ಕಾಯ್ದೆ, 2020ರ ನಿಯಮ ಬಂದವು. ಅದರಂತೆ ಆಗ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಪ್ರಮಾಣಪತ್ರ (ಅಫಿಡವಿಟ್) ಹಾಕಿ ಅರ್ಜಿ ಸಲ್ಲಿಸಿದರೆ, ವೈದ್ಯಕೀಯ ಪರೀಕ್ಷೆ ಇಲ್ಲದೆ ಜಿಲ್ಲಾಧಿಕಾರಿ ಗುರುತಿನ ಚೀಟಿ ಕೊಡಬೇಕಿತ್ತು. ಆದರೆ ಅದರಲ್ಲಿ ‘ಟ್ರಾನ್ಸ್‌ಜೆಂಡರ್’ ಅಂತ ಇರುತ್ತಿತ್ತು. ‘ಗಂಡು’ ಅಂತ ಬೇಕಾದರೆ ಶಸ್ತ್ರಚಿಕಿತ್ಸೆಯ ದಾಖಲೆ ಕೊಡಬೇಕಿತ್ತು. ಕೋರ್ಟ್ ಹೇಳಿದ್ದು ಒಂದು, ಕಾಯ್ದೆ ಕೇಳಿದ್ದು ಇನ್ನೊಂದು. ಈ ಅಂತರ ಇವನಂಥವರಿಗೆ ತುಂಬಾ ನೋವು ಕೊಡುತ್ತದೆ, ನನಗೂ ಇದು ಸರಿ ಅನ್ನಿಸುವುದಿಲ್ಲ. ಪಹಣಿಯ ಮಾತಿಗೆ ವಕೀಲರನ್ನು ಕೇಳಿ ಅಂದೆ.

ಅವತ್ತೇ ಎಲ್ಲಾ ಸರಿಹೋಗಲಿಲ್ಲ. ಅವ್ವನಿಗೆ ಹೊಸ ಹೆಸರು ಬಾಯಿಗೆ ಬರಲಿಲ್ಲ. “ಇಪ್ಪತ್ತೊಂದು ವರ್ಷ ಕರ್ದಿದ್ದೀನಿ, ನಾಲಗೆ ತಿರುಗೋದಿಲ್ಲ” ಅಂದರು. ನಾನು ಒತ್ತಾಯ ಮಾಡಲಿಲ್ಲ. ನವೆಂಬರಿನಲ್ಲಿ ಬಂದಾಗ ಅವನು ಒಂದು ವಿಷಯ ಹೇಳಿದ. “ಅವ್ವ ಈಗ ‘ಬಂತು’ ಅಂತಾರೆ ಮೇಡಂ. ‘ಮಗು ಎದ್ದಿತಾ, ಊಟ ಮಾಡ್ತಾ’ ಅಂತ.” ಬೇರೆಯವರು ಹೀಗೆ ಅಂದರೆ ಅವಮಾನ ಆಗುತ್ತಿತ್ತು. ಟ್ರಾನ್ಸ್ ಜನರನ್ನು ‘ಅದು’, ‘ಇದು’ ಅಂತ ಕರೆದು ಹಂಗಿಸುವವರು ಎಷ್ಟೋ ಜನ ಇದ್ದಾರೆ. ಆದರೆ ಅವ್ವನ ಬಾಯಲ್ಲಿ ಅದು ತೊಟ್ಟಿಲ ಕಾಲದ ಮಾತು. ಬಂದಳು ಅನ್ನಲು ಮನಸ್ಸಿಲ್ಲ, ಬಂದ ಅನ್ನಲು ನಾಲಗೆ ಬರುವುದಿಲ್ಲ, ನಡುವೆ ಅವರೇ ಹುಡುಕಿಕೊಂಡ ದಾರಿ. “ನಿಂಗೆ ಪರವಾಗಿಲ್ವಾ?” ಅಂತ ಕೇಳಿದೆ. “‘ಬಂದ್ಳು’ಗಿಂತ ಸಾವಿರ ಪಾಲು ಪರವಾಗಿಲ್ಲ” ಅಂದ. ಅಂದಿನ ಅಂಕ 11.

ಮದುವೆಮನೆ

2024ರ ಫೆಬ್ರವರಿಯಲ್ಲಿ ಮತ್ತೆ ಕುಸಿದ. ಹತ್ತಿರದ ಸಂಬಂಧಿಕರ ಮದುವೆ. ಎಲ್ಲರೂ ಬರುತ್ತಾರೆ, ಒಂದೇ ಒಂದು ದಿನ ಸೀರೆ ಉಡು ಅಂತ ಅವ್ವ ಕಾಲು ಹಿಡಿಯುವಷ್ಟು ಬೇಡಿಕೊಂಡರು. ಉಟ್ಟ. ಕಲ್ಯಾಣ ಮಂಟಪದಲ್ಲಿ ಹತ್ತಾರು ಜನ ಗಲ್ಲ ಹಿಡಿದು “ಈಗ ನೋಡು ಎಷ್ಟು ಲಕ್ಷಣವಾಗಿದ್ದೀಯ, ಮುಂದಿಂದು ನಿಂದೇ” ಅಂದರು. ರಾತ್ರಿ ಮನೆಗೆ ಬಂದವನು ರೂಮಿನ ಬಾಗಿಲು ಹಾಕಿಕೊಂಡ.

ಪರ್ಸಿನಲ್ಲಿ ಕಾಗದ ಇತ್ತು. ಮೊದಲ ಸಾಲು ‘ಬಾಗಿಲು ತೆಗೆ’. ಅದನ್ನು ಮಾಡಲು ಒಂದು ಗಂಟೆ ಹಿಡಿಯಿತು ಅಂದ. ತೆಗೆದು ಕೊಟ್ಟಿಗೆಗೆ ಹೋದ. ಆಮೇಲೆ ಕಣದ ಮೂಲೆಗೆ. ಕಣದ ತುಂಬಾ ಆ ವರ್ಷದ ಕಾಫಿ ಹರಡಿತ್ತು, ಅದರ ಅಂಚಿನಲ್ಲಿ ಕೂತು 14416ಕ್ಕೆ ಫೋನ್ ಮಾಡಿದ. ಆ ಕಡೆಯವರು ಅವನ ಹೆಸರು ಕೇಳಿದರು, ಅವನು ತನ್ನ ಹೆಸರು ಹೇಳಿದ, ಅವರು ಅದೇ ಹೆಸರಿನಲ್ಲಿ ಮಾತಾಡಿದರು. ಅವರು ಫೋನ್ ಇಡುವ ಮೊದಲು ಮನೆಯಲ್ಲಿ ಒಬ್ಬರನ್ನು ಎಬ್ಬಿಸು ಅಂದರು. ತಂಗಿಯನ್ನು ಎಬ್ಬಿಸಿದ. ಬೆಳಗಿನ ಜಾವ ಅತ್ತೆ ಪಕ್ಕದ ಮನೆಯವರ ಜೀಪು ಮಾಡಿಸಿಕೊಂಡು ಬಂದರು.

ಅವ್ವನಿಗೆ ಇದೆಲ್ಲಾ ಗೊತ್ತಾದದ್ದು ಬೆಳಿಗ್ಗೆ. ಆ ವಾರ ನನ್ನ ಹತ್ತಿರ ಒಬ್ಬರೇ ಬಂದು ಕೂತರು. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ಎರಡು ಭೇಟಿ ‘ಅಮ್ಮ, ಅಮ್ಮ’ ಅಂದವಳು ನಾನು. ಅವರಿಗೆ ಹೇಳಿದ್ದು ಇಷ್ಟೇ: ಮುಂದಿನ ಸಲ ಮದುವೆಗೆ ಹೋಗುವುದೋ ಬೇಡವೋ ಅವನೇ ಹೇಳಲಿ. ಹೋದರೆ ಏನು ಹಾಕಿಕೊಳ್ಳುವುದು ಅಂತಲೂ ಅವನೇ ಹೇಳಲಿ.

ಮನೋವೈದ್ಯರು ಮಾತ್ರೆಯ ಪ್ರಮಾಣ ಬದಲಿಸಿದರು. ಎರಡು ವಾರಕ್ಕೊಮ್ಮೆ ಇದ್ದ ಭೇಟಿಯನ್ನು ವಾರಕ್ಕೊಮ್ಮೆ ಮಾಡಿದೆವು. ಏಪ್ರಿಲ್ ಹೊತ್ತಿಗೆ ಮತ್ತೆ ಚೇತರಿಸಿಕೊಂಡ.

ಈಗ

ಅವನು ಕುಶಾಲನಗರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಾನೆ. ವಾರದ ದಿನಗಳಲ್ಲಿ ಅತ್ತೆಯ ಮನೆ, ಭಾನುವಾರ ಊರು. ಅಂಗಡಿಯಲ್ಲಿ ಅವನ ಹೆಸರಿನಲ್ಲೇ ಕರೆಯುತ್ತಾರೆ. ಸಂಬಂಧ ನೋಡುವುದು ನಿಂತಿದೆ. ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಬೆಂಗಳೂರಿನಲ್ಲಿ ಒಬ್ಬ ಹಾರ್ಮೋನ್ ತಜ್ಞರನ್ನು ಕಂಡಿದ್ದಾನೆ. ಇನ್ನೂ ಶುರು ಮಾಡಿಲ್ಲ. ಕೊಡಗಿಗೆ ರೈಲಿಲ್ಲ, ಪ್ರತಿ ಸಲ ರಾತ್ರಿ ಬಸ್ಸು, ರಜೆ, ಪರೀಕ್ಷೆಗಳ ಖರ್ಚು. ದುಡ್ಡು ಕೂಡಿಸುತ್ತಿದ್ದಾನೆ. ಬ್ಯಾಂಡೇಜ್ ಬಿಟ್ಟು ಸರಿಯಾದ ಬೈಂಡರ್ ತರಿಸಿಕೊಂಡಿದ್ದಾನೆ. ಗುರುತಿನ ಚೀಟಿಗೆ ಅರ್ಜಿ ಹಾಕಿಲ್ಲ. “ಗಂಡು ಅಂತ ಕೊಡೋ ದಿನ ಹಾಕ್ತೀನಿ” ಅನ್ನುತ್ತಾನೆ. ನಾನು ವಾದ ಮಾಡಿಲ್ಲ.

ಮಾತ್ರೆ ಇನ್ನೂ ಇದೆ. ಸಾವಿನ ಯೋಚನೆ ಪೂರ್ತಿ ಹೋಗಿಲ್ಲ, ಕೆಲವು ತಿಂಗಳು ಬರುತ್ತದೆ, ಹೋಗುತ್ತದೆ. ಬಂದಾಗ ಹೇಳುತ್ತಾನೆ. ನನಗೆ ದೊಡ್ಡ ಬದಲಾವಣೆ ಅಂತ ಕಾಣುವುದು ಅದು.

ಈ ಕೇಸಾದ ಮೇಲೆ ನನ್ನ ಕೆಲಸದಲ್ಲಿ ಎರಡು ಪದ್ಧತಿ ಬದಲಾಗಿದೆ. ಯಾರೇ ಬರಲಿ, ಮೊದಲ ಭೇಟಿಯಲ್ಲೇ ಹದಿನೈದು ನಿಮಿಷ ಒಬ್ಬರನ್ನೇ ಕೂರಿಸಿ ಮಾತಾಡಿಸುತ್ತೇನೆ. ಬಸ್ಸು ತಪ್ಪಿದರೆ ಮುಂದಿನ ಬಸ್ಸು. “ನಿಮ್ಮನ್ನ ಏನಂತ ಕರೀಲಿ?” ಅಂತ ಎಲ್ಲರಿಗೂ ಕೇಳುತ್ತೇನೆ, ಎಪ್ಪತ್ತು ವರ್ಷದ ಅಜ್ಜಿಗೂ. ಫಾರಂ ತುಂಬಿಸುವುದು ಆಮೇಲೆ.

ಕಳೆದ ಭೇಟಿಯಲ್ಲಿ ಸುರಕ್ಷತಾ ಯೋಜನೆಯ ಕಾಗದ ಬದಲಿಸಿದೆವು. ಹಳೆಯದು ಮಡಿಕೆ ಮಡಿಕೆಯಲ್ಲಿ ಹರಿದುಹೋಗಿತ್ತು. ಹೊಸದರಲ್ಲಿ ಫೋನ್ ಮಾಡಬೇಕಾದವರ ಸಾಲಿನಲ್ಲಿ ಅತ್ತೆಯ ನಂತರ ಅಪ್ಪನ ನಂಬರು ಬರೆದ. “ಅಪ್ಪ ಏನು ಮಾತಾಡ್ತಾರೆ?” ಅಂತ ಕೇಳಿದೆ. “ಏನೂ ಮಾತಾಡೋದಿಲ್ಲ. ಬಂದು ಪಕ್ಕದಲ್ಲಿ ಕೂರ್ತಾರೆ” ಅಂದ. ಮೇ ಕೊನೆಯಲ್ಲಿ ಮತ್ತೆ ಬರಲು ಹೇಳಿದ್ದೇನೆ, ಮಳೆ ಹಿಡಿಯುವ ಮೊದಲು.